ಫೋನಿಗೆ ಬಂದ ಕನ್ನಡ ಕೆಟ್ಟಿದ್ದರೆ ಏನು ಮಾಡಬೇಕು?



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು – ಪಶುವೈದ್ಯನಾದವನು ಈ ಪುಟದಲ್ಲಿ ಸಾಮಾನ್ಯವಾಗಿ ಬರೆಯುವ ವಿಷಯಗಳು ಇವು. ಈ ಸಂಚಿಕೆಯಲ್ಲಿ ಅಕ್ಷರದ ವಿಷಯ ಬರೆಯುತ್ತಿದ್ದೇನೆ. ದನದ ಡಾಕ್ಟರಿಗೂ ಅಕ್ಷರಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಮೊದಲು ನಡೆದ ಸಂಗತಿಯನ್ನು ಹೇಳುತ್ತೇನೆ.

ಕೆಲವು ತಿಂಗಳ ಹಿಂದೆ ದಾವಣಗೆರೆಯಿಂದ ಲೋಕಿಕೆರೆಗೆ ಬೆಳಗಿನ ಭೇಟಿಗೆ ಹೋಗಿದ್ದೆ. ಒಬ್ಬ ಸದಸ್ಯರು ಒಂದು ಕೈಯಲ್ಲಿ ಜಂತುನಾಶಕದ ಬಾಟಲಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಎದುರಿಗೆ ಬಂದರು. "ಸಾರ್, ನಿಮ್ಮ ಮೆಸೇಜ್ ಬಂದೈತಿ, ಒಂದಕ್ಷರ ತಿಳೀವಲ್ದು. ಇದ್ರಾಗ 45 ಅಂತ ಐತಿ ನೋಡ್ರಿ. 45 ಎಮ್ಮೆಲ್ ಕುಡಿಸ್ಬೇಕೇನ್ರಿ? ಮುಂದೆ ಮುಕ್ಕಾಲು ಅಂತಾನೂ ಐತಿ" ಎಂದರು.

ಫೋನು ನೋಡಿದೆ. ಅದು ನಾನೇ ಸಿದ್ಧಪಡಿಸಿ ಕಳುಹಿಸಿದ್ದ ಸೂಚನೆ. ಕನ್ನಡವೆಲ್ಲ ಹೋಗಿ ಸಾಲುಸಾಲಾಗಿ ಇಂಗ್ಲಿಷಿನ ಸಣ್ಣ 'ಎ', ಅದರ ತಲೆಯ ಮೇಲೊಂದು ಓರೆಗೆರೆ, ಪಕ್ಕದಲ್ಲಿ ಮೇಲಕ್ಕೆ ಹಾರಿದ ಪುಟ್ಟ 2, ಅಲ್ಲಲ್ಲಿ ಮುಕ್ಕಾಲು ಭಾಗದ ಗುರುತು. ಓದಲು ಬರುವಂತೆ ಉಳಿದಿದ್ದು 45 ಎಂಬ ಅಂಕಿ ಒಂದೇ. ನಾನು ಬರೆದಿದ್ದ ವಾಕ್ಯ ಇದು: "ಅಲ್ಬೆಂಡಜೋಲ್ ಔಷಧವನ್ನು ಗಬ್ಬದ ಮೊದಲ 45 ದಿನ ಹಸುವಿಗೆ ಕೊಡಬಾರದು." ಅವರ ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿ ಒಂದು ತಿಂಗಳಾಗಿತ್ತು. ಆ ಸಮಯದಲ್ಲಿ ಈ ಔಷಧ ಹೊಟ್ಟೆಯಲ್ಲಿರುವ ಭ್ರೂಣಕ್ಕೆ ಅಪಾಯಕಾರಿ. ಪುಣ್ಯಕ್ಕೆ ಕುಡಿಸುವ ಮುಂಚೆ ಕೇಳಿದರು.

ಅಂಕಿ ಉಳಿದು ಎಚ್ಚರಿಕೆ ಅಳಿದುಹೋಗಿತ್ತು. 'ಮುಕ್ಕಾಲು' ಎಂದು ಕಂಡಿದ್ದು 'ಕೊಡಬಾರದು' ಪದದಲ್ಲಿ 'ಬ' ಅಕ್ಷರಕ್ಕೆ ಹತ್ತಿದ ದೀರ್ಘ! ತಪ್ಪು ನನ್ನದೇ. ಹೆಸರುಗಳು ಮತ್ತು ಸೂಚನೆ ಇದ್ದ ಪಟ್ಟಿಯನ್ನು ಹೇಗೆ ತೆರೆಯಬೇಕೆಂದು ಹೇಳದೆ ಮೇಲ್ ಮಾಡಿದ್ದೆ. ತೆರೆದಾಗ ಅಕ್ಷರ ಕೆಟ್ಟಿತು. ಅದನ್ನೇ ನಕಲು ಮಾಡಿ ವಾಟ್ಸಾಪ್ ಗುಂಪಿಗೆ ಹಾಕಲಾಯಿತು. ಇಂಥದು ಇನ್ನೊಬ್ಬರಿಗೆ ಆಗಬಾರದೆಂದು ಈ ಲೇಖನ.

ಹಾಲು ಕೆಟ್ಟಿಲ್ಲ, ವಹಿ ತಪ್ಪಿದೆ

ಕಂಪ್ಯೂಟರಿಗಾಗಲಿ ಫೋನಿಗಾಗಲಿ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಎಂದು ಮೊದಲೇ ಗೊತ್ತುಮಾಡಿಕೊಂಡು, ತಂತಿಯ ಮೇಲೆ ಆ ಸಂಖ್ಯೆಗಳನ್ನು ಕಳುಹಿಸುತ್ತಾರೆ. ಪಡೆದ ಕಡೆ ಸಂಖ್ಯೆಯನ್ನು ನೋಡಿ ಅಕ್ಷರವನ್ನು ಬರೆಯಲಾಗುತ್ತದೆ.

ಸಂಘದಲ್ಲಿ ಹಾಲಿನ ಮಾದರಿ ಬಾಟಲಿಗಳನ್ನು ನೀವು ನೋಡಿದ್ದೀರಿ. ಬಾಟಲಿಯ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. 14ನೇ ಬಾಟಲಿ ಯಾರದೆಂದು ಹೇಳುವುದು ಸಂಘದ ವಹಿ. ಲೋಕಿಕೆರೆಯ ಬಾಟಲಿಗಳನ್ನು ಪಕ್ಕದ ಊರಿನ ವಹಿ ಹಿಡಿದು ಓದಿದರೆ ಏನಾಗುತ್ತದೆ? ಒಬ್ಬರ ಜಿಡ್ಡಿನಂಶ ಇನ್ನೊಬ್ಬರ ಹೆಸರಿಗೆ ಬೀಳುತ್ತದೆ. ಬಾಟಲಿಯಲ್ಲಿರುವ ಹಾಲೇನೂ ಬದಲಾಗಿಲ್ಲ. ಸರಿಯಾದ ವಹಿ ತಂದರೆ ಎಲ್ಲವೂ ಸರಿಯಾಗುತ್ತದೆ. ಕೆಟ್ಟ ಅಕ್ಷರದ ಕಥೆಯೂ ಹೆಚ್ಚಾಗಿ ಇಷ್ಟೇ. ಆದರೆ ತಪ್ಪು ತಿಳಿಯುವ ಮುಂಚೆಯೇ ಎಲ್ಲ ಬಾಟಲಿಗಳನ್ನು ಒಂದೇ ಬಕೀಟಿಗೆ ಸುರಿದುಬಿಟ್ಟರೆ ಯಾವ ವಹಿಯೂ ಕೆಲಸಕ್ಕೆ ಬಾರದು. ಈ ಎರಡು ಸ್ಥಿತಿಗಳ ವ್ಯತ್ಯಾಸವನ್ನು ಗುರುತಿಸುವುದೇ ಮುಖ್ಯ.

ಕನ್ನಡಕ್ಕೆ ಎರಡು ಕಾಲದ ವಹಿಗಳು

ಹಿಂದಿನ ಕಂಪ್ಯೂಟರುಗಳಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ 256 ಸಂಖ್ಯೆಗಳೊಳಗೇ ಎಲ್ಲ ಮುಗಿಯಬೇಕಿತ್ತು. ಅದರಲ್ಲಿ ಮೊದಲ ಅರ್ಧ ಇಂಗ್ಲಿಷ್ ಅಕ್ಷರ, ಅಂಕಿ ಹಾಗೂ ಚಿಹ್ನೆಗಳಿಗೆ ಮೀಸಲು; ಉಳಿದರ್ಧದಲ್ಲಿ ಯೂರೋಪಿನ ಭಾಷೆಗಳ ಗೆರೆ ಹೊತ್ತ ಅಕ್ಷರಗಳಿದ್ದವು. ನಮ್ಮವರು ಉಪಾಯ ಮಾಡಿ, ಇವೇ ಜಾಗಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳನ್ನು ತಯಾರಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಸರ್ಕಾರಿ ಕಚೇರಿಗಳಲ್ಲೆಲ್ಲ ಬಳಕೆಯಾಯಿತು. ಕಂಪ್ಯೂಟರಿನಲ್ಲಿ ಕನ್ನಡ ಕೆಲಸ ನಡೆದದ್ದು ಇವುಗಳಿಂದಲೇ, ಅದನ್ನು ಮರೆಯಬಾರದು.

ಆದರೆ ಒಂದು ಕೊರತೆ ಇತ್ತು. ಕಡತದೊಳಗೆ ಇರುವುದು ಇಂಗ್ಲಿಷಿನ ಮತ್ತು ಯೂರೋಪಿನ ಅಕ್ಷರಗಳ ಸಂಖ್ಯೆಯೇ. ಕನ್ನಡದ ವೇಷ ಹಾಕುವುದು ಫಾಂಟು. ಫಾಂಟು ಜೊತೆಗಿಲ್ಲದಿದ್ದರೆ ವೇಷ ಕಳಚುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ 'ಕನ್ನಡ' ಎಂಬ ಪದ ಆಗ ಹೀಗೆ ಕಾಣುತ್ತದೆ: ದೊಡ್ಡ 'ಪಿ', ತಲೆಯ ಮೇಲೆ ಗೆರೆ ಇರುವ ದೊಡ್ಡ 'ಎ', ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೆರೆಯ 'ಎ', ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ 'ಕ್ಯೂ', ಮತ್ತೊಂದು ಗೆರೆಯ 'ಎ'. ಒಟ್ಟು ಏಳು ಗುರುತು.

ಎರಡನೆಯ ವಹಿ ಯೂನಿಕೋಡ್. ಪ್ರಪಂಚದ ಎಲ್ಲ ಲಿಪಿಗಳಿಗೂ ಬೇರೆಬೇರೆ ಸಂಖ್ಯೆ ಕೊಟ್ಟ ಒಂದೇ ದೊಡ್ಡ ವಹಿ ಇದು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 3200ರಿಂದ 3327ರವರೆಗೆ 128 ಜಾಗಗಳು ಕನ್ನಡದ್ದು. 'ಕ' ಅಕ್ಷರದ ಸಂಖ್ಯೆ 3221. ಕರ್ನಾಟಕ ಸರ್ಕಾರವೂ 2012ರಲ್ಲಿ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿಕೊಂಡಿತು. ಇಂದಿನ ಫೋನುಗಳೆಲ್ಲ ಬಳಸುವುದು ಇದನ್ನೇ.

ಹಾಗಿದ್ದರೆ ಯೂನಿಕೋಡ್ ಕನ್ನಡವೂ ಕೆಡುವುದೇಕೆ? 3221 ಎಂಬ ದೊಡ್ಡ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಯದು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಅದನ್ನು ಮೂರು ಬೈಟುಗಳಾಗಿ ಬಿಡಿಸಿ ಕಳುಹಿಸುತ್ತಾರೆ. 'ಕ' ಎಂಬುದು 224, 178, 149 ಆಗುತ್ತದೆ. 'ಹಾಲು' ಎಂಬ ಪದದಲ್ಲಿ ಹ, ದೀರ್ಘ, ಲ, ಉಕಾರ ಎಂದು ನಾಲ್ಕು ಸಂಕೇತ, ಹನ್ನೆರಡು ಬೈಟು. ಪಡೆದ ಕಡೆ ಮೂರುಮೂರಾಗಿ ಕೂಡಿಸಿ ಓದದೆ, ಹಳೆಯ ಯೂರೋಪಿನ ವಹಿ ಹಿಡಿದು ಒಂದೊಂದನ್ನೇ ಓದಿದರೆ 224 ಗೆರೆಯ ಸಣ್ಣ 'ಎ' ಆಗುತ್ತದೆ. 178 ಪುಟ್ಟ 2 ಆಗುತ್ತದೆ. ದೀರ್ಘದ ಕೊನೆಯ ಬೈಟು 190. ಆ ವಹಿಯಲ್ಲಿ ಅದು ಮುಕ್ಕಾಲಿನ ಗುರುತು. ಲೋಕಿಕೆರೆಯಲ್ಲಿ ನಾನು ಕಂಡದ್ದು ಇದನ್ನೇ. 0ಯಿಂದ 9ರವರೆಗಿನ ಸಾಮಾನ್ಯ ಅಂಕಿಗಳು ಮಾತ್ರ ಎರಡೂ ವಹಿಗಳಲ್ಲಿ ಒಂದೇ ಆದ್ದರಿಂದ 45 ಹಾಗೆಯೇ ಉಳಿಯಿತು.

ಲಕ್ಷಣ ನೋಡಿ ರೋಗ ತಿಳಿಯಿರಿ

ದನದ ರೋಗದಂತೆ ಇಲ್ಲಿಯೂ ಮೊದಲು ಲಕ್ಷಣ ನೋಡಬೇಕು.

1. ಅಕ್ಷರದ ಬದಲು ಖಾಲಿ ಚೌಕಗಳು: ಬರಹ ಸರಿಯಾಗಿದೆ, ನಿಮ್ಮ ಯಂತ್ರದಲ್ಲಿ ಕನ್ನಡದ ಫಾಂಟು ಇಲ್ಲ. ಇನ್ನೊಂದು ಫೋನಿನಲ್ಲಿ ತೆರೆದರೆ ಓದಬಹುದು.

2. ಒತ್ತಕ್ಷರಗಳು ಬಿಡಿಬಿಡಿಯಾಗಿ, ಚುಕ್ಕೆಗಳ ವೃತ್ತದೊಡನೆ ಕಾಣುವುದು: ಹೆಚ್ಚಾಗಿ ಇದು ತೋರಿಸುವ ಯಂತ್ರದ ದೋಷ. ಇನ್ನೊಂದು ಯಂತ್ರದಲ್ಲಿ ನೋಡಿರಿ.

3. ಗೆರೆಯ ಸಣ್ಣ 'ಎ', ಪುಟ್ಟ 2 ಅಥವಾ ಪುಟ್ಟ 3 ಮತ್ತೆಮತ್ತೆ ಬರುವುದು: ಯೂನಿಕೋಡ್ ಬರಹವನ್ನು ಹಳೆಯ ವಹಿಯಲ್ಲಿ ಓದಲಾಗಿದೆ. ಮೂಲ ಕಡತ ಇದ್ದರೆ ಪೂರ್ತಿ ಗುಣವಾಗುತ್ತದೆ.

4. ಗೆರೆಯ ದೊಡ್ಡ 'ಎ', ಪೌಂಡ್ ಚಿಹ್ನೆ, ನಡುನಡುವೆ ಇಂಗ್ಲಿಷ್ ಅಕ್ಷರ: ನುಡಿ ಅಥವಾ ಅಂಥ ಹಳೆಯ ಫಾಂಟಿನ ಬರಹ. ಪರಿವರ್ತಿಸಬಹುದು. ಇಲ್ಲಿಯೂ ಎಚ್ಚರ: ನುಡಿಯಲ್ಲಿ ಬರೆದ 'ಹಳ್ಳಿ' ಎಂಬ ಪದ ಕೆಟ್ಟಾಗ ಅರ್ಧದ ಗುರುತು, 'ಗಳು' ಎಂಬಲ್ಲಿ ಕಾಲು ಭಾಗದ ಗುರುತು ಕಾಣುತ್ತದೆ. ಅವು ಅಳತೆಗಳಲ್ಲ.

5. ಕಪ್ಪು ವಜ್ರಾಕಾರದೊಳಗೆ ಪ್ರಶ್ನಾರ್ಥಕ ಚಿಹ್ನೆ: ಯೂನಿಕೋಡ್ ಅಲ್ಲದ್ದನ್ನು ಯೂನಿಕೋಡ್ ಎಂದು ಓದಲು ಯತ್ನಿಸಲಾಗಿದೆ, ಇಲ್ಲವೇ ಬೈಟುಗಳು ತುಂಡಾಗಿವೆ. ಉಳಿಸದೆ ಮುಚ್ಚಿದರೆ ಮೂಲಕ್ಕೆ ಹಾನಿಯಿಲ್ಲ.

6. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು: ಬಾಟಲಿಗಳನ್ನು ಬಕೀಟಿಗೆ ಸುರಿದಾಗಿದೆ. ಪ್ರತಿ ಅಕ್ಷರದ ಸಂಖ್ಯೆಯೂ ಅಳಿದು ಪ್ರಶ್ನೆಯ ಗುರುತಿನ ಸಂಖ್ಯೆಯಾಗಿದೆ. ಇದಕ್ಕೆ ಔಷಧವಿಲ್ಲ, ಕಳುಹಿಸಿದವರಿಂದ ಮತ್ತೆ ತರಿಸಬೇಕು.

ಚಿಕಿತ್ಸೆಯ ಕ್ರಮ

ಕಾರ್ಯದರ್ಶಿಗಳು ಮತ್ತು ಮನೆಯಲ್ಲಿ ಕಂಪ್ಯೂಟರು ಬಲ್ಲ ಮಕ್ಕಳು ಇದನ್ನು ಗಮನಿಸಬೇಕು.

ಮೊದಲನೆಯದಾಗಿ, ಕೆಟ್ಟು ಕಾಣುವ ಕಡತವನ್ನು 'ಸೇವ್' ಮಾಡಬೇಡಿ. ಉಳಿಸದೆ ಮುಚ್ಚಿ, ಮೂಲದ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ಮುಂದಿನ ಪ್ರಯೋಗವೆಲ್ಲ ಪ್ರತಿಯ ಮೇಲೆ.

ಎರಡನೆಯದಾಗಿ, ಮೇಲ್‌ನಲ್ಲಿ ಬಂದ 'ಸಿಎಸ್‌ವಿ' ಪಟ್ಟಿಯನ್ನು ಎರಡು ಸಲ ಒತ್ತಿ ನೇರವಾಗಿ ಎಕ್ಸೆಲ್‌ನಲ್ಲಿ ತೆರೆಯಬೇಡಿ. ಖಾಲಿ ಹಾಳೆ ತೆರೆದು, 'ಡೇಟಾ' ವಿಭಾಗದಲ್ಲಿ 'ಫ್ರಂ ಟೆಕ್ಸ್ಟ್/ಸಿಎಸ್‌ವಿ' ಆರಿಸಿ, 'ಫೈಲ್ ಒರಿಜಿನ್' ಎಂಬಲ್ಲಿ 65001 ಸಂಖ್ಯೆಯ ಯುಟಿಎಫ್-8 ಆಯ್ಕೆ ಮಾಡಿ. ಕನ್ನಡ ಕಣ್ಣೆದುರೇ ಸರಿಯಾಗುತ್ತದೆ. ಇದೇ ಹಂತದಲ್ಲಿ ಜಾನುವಾರು ಕಿವಿಯೋಲೆಯ 12 ಅಂಕಿಗಳ ಕಾಲಮನ್ನು 'ಟೆಕ್ಸ್ಟ್' ಎಂದು ಗುರುತಿಸಿರಿ. ಇಲ್ಲದಿದ್ದರೆ ಎಕ್ಸೆಲ್ ಅಷ್ಟುದ್ದದ ಅಂಕಿಯನ್ನು ಮೊಟಕು ರೂಪದಲ್ಲಿ ತೋರಿಸುತ್ತದೆ.

ಮೂರನೆಯದಾಗಿ, ವಾಟ್ಸಾಪ್‌ನಲ್ಲಿ ಕೆಟ್ಟು ಬಂದ ಸಂದೇಶವನ್ನು ಹಿಂದಿರುಗಿಸಿ ಸರಿಪಡಿಸುವ ಸಾಹಸಕ್ಕಿಂತ ಮೂಲ ಕಡತ ತರಿಸುವುದೇ ಲೇಸು. ಕಾರಣವಿದೆ. ಆ ಯೂರೋಪಿನ ವಹಿಯಲ್ಲಿ 129, 141, 143, 144, 157 ಎಂಬ ಐದು ಸಂಖ್ಯೆಗಳಿಗೆ ಅಕ್ಷರವೇ ಇಲ್ಲ. ಉಕಾರ, ಒತ್ತಕ್ಷರ ಮಾಡುವ ಹಲಂತ, ಹಾಗೂ ಏ, ಐ, ಝ ಅಕ್ಷರಗಳ ಕೊನೆಯ ಬೈಟುಗಳು ಇವೇ. ನಕಲು ಮಾಡುವಾಗ ಇವು ಉದುರಿಹೋಗಬಹುದು. ಉಕಾರವೂ ಒತ್ತೂ ಇಲ್ಲದ ಕನ್ನಡ ವಾಕ್ಯ ಎಷ್ಟಿವೆ, ನೀವೇ ಯೋಚಿಸಿ.

ನಾಲ್ಕನೆಯದಾಗಿ, ನುಡಿಯ ಹಳೆಯ ಕಡತ ಬಂದಿದ್ದರೆ ಕಂಪ್ಯೂಟರಿನಲ್ಲಿ ಆ ಫಾಂಟು ಹಾಕಿಕೊಂಡರೆ ಓದಬಹುದು. ಆದರೆ ಅದನ್ನು ಫೋನಿಗೆ ಕಳುಹಿಸಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ವಾಟ್ಸಾಪ್ ಫಾಂಟನ್ನು ಹೊತ್ತೊಯ್ಯುವುದಿಲ್ಲ. ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪಿಡಿಎಫ್ ಕಡತವಾದರೆ ಹಾಗೆಯೇ ಕಳುಹಿಸಬಹುದು, ಅದರೊಳಗೆ ಸಾಮಾನ್ಯವಾಗಿ ಫಾಂಟೂ ಇರುತ್ತದೆ. ಅದರಿಂದ ಸಾಲುಗಳನ್ನು ನಕಲು ಮಾಡಿ ಅಂಟಿಸಿದರೆ ಮಾತ್ರ ಮತ್ತೆ ಕೆಡುತ್ತದೆ.

ಗುಣವಾಯಿತೆಂದು ಪರೀಕ್ಷಿಸದೆ ಬಿಡಬೇಡಿ

ಪರಿವರ್ತಿಸಿದ ಬರಹವನ್ನು ಮೂಲದೊಡನೆ ಹೋಲಿಸಿ ಓದಬೇಕು. ಮುಖ್ಯವಾಗಿ ನಾಲ್ಕು ಕಡೆ ಕಣ್ಣಿಡಿ.

ಅರ್ಕಾವೊತ್ತು: 'ಕರ್ನಾಟಕ' ಎಂಬ ಪದದಲ್ಲಿ ನುಡಿ ಮೊದಲು 'ನಾ' ಇಟ್ಟು ನಂತರ ಅರ್ಕಾವೊತ್ತನ್ನು ಇಡುತ್ತದೆ; ಯೂನಿಕೋಡ್ ಉಚ್ಚಾರಣೆಯಂತೆ 'ರ' ಮೊದಲು ಇಡುತ್ತದೆ. ಪರಿವರ್ತಕ ಈ ಸ್ಥಾನಪಲ್ಲಟ ಮಾಡಬೇಕು. ಎಡವಿದರೆ ಪದ ಕೆಡುತ್ತದೆ.

ಇಂಗ್ಲಿಷ್ ಪದಗಳು: ಕನ್ನಡದ ನಡುವೆ ಇಂಗ್ಲಿಷಿನಲ್ಲಿ ಬರೆದ ಔಷಧದ ಹೆಸರನ್ನು ಪರಿವರ್ತಕ ನುಡಿಯ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡಬಹುದು. ಔಷಧದ ಹೆಸರನ್ನು ಕೈಯಾರೆ ತಿದ್ದಬೇಕು.

ಸೊನ್ನೆ: ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆಯ ಅಂಕಿಯೂ ನೋಡಲು ಒಂದೇ; ಯೂನಿಕೋಡ್‌ನಲ್ಲಿ ಸಂಖ್ಯೆ ಬೇರೆ. ಹೆಸರಿನಲ್ಲಿ ಅನುಸ್ವಾರದ ಬದಲು ಸೊನ್ನೆ ಸೇರಿದರೆ ಕಣ್ಣಿಗೆ ತಿಳಿಯದು, ಆದರೆ ಕಂಪ್ಯೂಟರು ಆ ಹೆಸರನ್ನು ಬೇರೆಯವರದೆಂದು ತಿಳಿಯುತ್ತದೆ.

ಓಕಾರ: 'ಲೋಕಿಕೆರೆ' ಎಂಬ ಹೆಸರನ್ನೇ ನೋಡಿ. 'ಲೋ' ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿ ಬರೆದರೆ ಊರಿನ ಹೆಸರು ಎಂಟು ಸಂಕೇತ. ಅದೇ ಓಕಾರವನ್ನು ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಣುಕಾಗಿ ಬರೆದರೆ ಹತ್ತು ಸಂಕೇತ. ಕಾಗದದ ಮೇಲೆ ಎರಡೂ ಒಂದೇ. ಒಂದು ಪಟ್ಟಿಯಲ್ಲಿ ಒಂದು ರೀತಿ, ಮತ್ತೊಂದರಲ್ಲಿ ಇನ್ನೊಂದು ರೀತಿ ಇದ್ದರೆ ಹುಡುಕಿದಾಗ ಸಿಗದೆ ಹೋಗಬಹುದು. ಹೆಸರು ಪಟ್ಟಿಯಲ್ಲಿದ್ದೂ 'ಇಲ್ಲ' ಎಂದು ಉತ್ತರ ಬಂದರೆ ಈ ಸಂಶಯವೂ ಇರಲಿ. ಹೊಸದಾಗಿ ಬೆರಳಚ್ಚು ಮಾಡಿ ನೋಡಿ. ಸದಸ್ಯತ್ವ ಸಂಖ್ಯೆಯಿಂದ ಹುಡುಕುವುದು ಇನ್ನೂ ಒಳ್ಳೆಯದು.

ಕಳುಹಿಸುವವರ ಹೊಣೆ

ಈ ಮಾತು ನನ್ನಂಥವರಿಗೆ. ಪಟ್ಟಿಗಳನ್ನು ಯೂನಿಕೋಡ್‌ನಲ್ಲೇ ಬರೆದು, ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಎಂಬುದನ್ನೇ ಆರಿಸಬೇಕು. ನೋಟ್‌ಪ್ಯಾಡ್‌ನಲ್ಲಿ 'ಆನ್ಸಿ' ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಎಲ್ಲರಿಗೂ ಕಳುಹಿಸುವ ಮುಂಚೆ ಒಂದು ಫೋನಿಗೆ ಕಳುಹಿಸಿ ಓದಿ ನೋಡಬೇಕು.

ಎಸ್‌ಎಂಎಸ್ ಕಳುಹಿಸುವಾಗ ಜಾಗದ ಲೆಕ್ಕವಿರಲಿ. ಒಂದು ಎಸ್‌ಎಂಎಸ್‌ನಲ್ಲಿ 140 ಬೈಟು. ಇಂಗ್ಲಿಷಿನಲ್ಲಾದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಸಂಕೇತ ಮಾತ್ರ. ಗುಣಿತದ ಚಿಹ್ನೆಯೂ ಒತ್ತೂ ಬೇರೆಬೇರೆ ಎಣಿಕೆಯಾಗುತ್ತವೆ. ಲೋಕಿಕೆರೆ ಎಂಬ ಹೆಸರೊಂದೇ ಎಂಟು. ಆದ್ದರಿಂದ 'ಕೊಡಬಾರದು', 'ಹಾಲು ಡೇರಿಗೆ ಹಾಕಬಾರದು' ಎಂಬ ನಿಷೇಧದ ಮಾತು ಸಂದೇಶದ ಮೊದಲಲ್ಲೇ ಬರಬೇಕು, ಕೊನೆಯಲ್ಲಿ ಅಲ್ಲ.

ಔಷಧದ ವಿಷಯವಾದರೆ ಬರಹದ ಜೊತೆಗೆ ಕಾಗದದ ಚಿತ್ರವನ್ನೂ, ಸಾಧ್ಯವಾದರೆ ಧ್ವನಿ ಸಂದೇಶವನ್ನೂ ಕಳುಹಿಸಬೇಕು. ಚಿತ್ರಕ್ಕೆ ಯಾವ ವಹಿಯೂ ಬೇಡ. ಈಗ ನಾನು ಹಾಗೆಯೇ ಮಾಡುತ್ತಿದ್ದೇನೆ.

ಸದಸ್ಯರು ನೆನಪಿಡಬೇಕಾದದ್ದು

ಮೇಲಿನ ಸಂಖ್ಯೆಗಳೆಲ್ಲ ಮರೆತುಹೋದರೂ ಚಿಂತೆಯಿಲ್ಲ. ಒಂದು ಮಾತು ನೆನಪಿದ್ದರೆ ಸಾಕು: ಕೆಟ್ಟ ಸಂದೇಶದಲ್ಲಿ ಉಳಿದ ಅಂಕಿಯನ್ನು ನಂಬಬೇಡಿ. ಅದು ದಿನವೋ, ತೂಕವೋ, ಮಿಲಿಯೋ, ಕೊಡಬೇಕೋ, ಕೊಡಬಾರದೋ ಎಂದು ಹೇಳುವುದು ಅದರ ಅಕ್ಕಪಕ್ಕದ ಮಾತು. ಆ ಮಾತೇ ಅಲ್ಲಿಲ್ಲ. ಅಂಥ ಸಂದೇಶವನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ. ಔಷಧದ ಬಾಟಲಿಯನ್ನು ಕೆಳಗಿಟ್ಟು, ಸಂಘದ ಕಾರ್ಯದರ್ಶಿಗಳಿಗೋ ಪಶುವೈದ್ಯರಿಗೋ ಫೋನ್ ಮಾಡಿ ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರಿಸುವುದಿಲ್ಲ.

ಲೋಕಿಕೆರೆಯ ಆ ಸದಸ್ಯರು ಅಂದು ಸಂಕೋಚಪಟ್ಟು ಕೇಳದೆ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಅವರ ಹಸು ಆಮೇಲೆ ಹೆಣ್ಣುಗರು ಹಾಕಿದೆ. ತಾಯಿ, ಕರು ಎರಡೂ ಆರೋಗ್ಯವಾಗಿವೆ.

– ಪಶುವೈದ್ಯ ವಿಸ್ತರಣಾಧಿಕಾರಿ